ಟೀಮ್ ಪ್ರಾಜೆಕ್ಟ್ ಕೋರ್ಸ್ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಸಾಫ್ಟ್‌ವೇರ್ ಟೀಮ್ ಪ್ರಾಜೆಕ್ಟ್ ಕೋರ್ಸ್‌ನ ಮೊದಲ ಬ್ಯಾಚ್ ಈ ವಾರ ಕೊನೆಯ ಡೆಮೊ ಕೊಟ್ಟಿತು. ತುಂಬಾ ಖುಷಿಯಾಗಿದೆ.

ಮೊದಲ ಥ್ಯಾಂಕ್ಸ್ ವಿದ್ಯಾರ್ಥಿಗಳಿಗೆ. ಈ ಕೋರ್ಸಿಗೆ ಬರುವವರೆಗೆ ಎಲ್ಲ ಅಸೈನ್‌ಮೆಂಟನ್ನೂ ಒಬ್ಬೊಬ್ಬರೇ ಬರೆದವರು ನೀವು. ಇನ್ನೊಬ್ಬರ ಕೋಡ್ ನೋಡೋದೇ ತಪ್ಪು ಅಂತ ಕೇಳಿಕೊಂಡು ಬಂದವರು. ಅಂಥವರಿಗೆ, ಟೀಮಿನ ಇನ್ನೊಬ್ಬರು ಓದಿ ಒಪ್ಪದೆ ಏನನ್ನೂ ಟೀಮಿನ ಎಲ್ಲರ ಕೋಡ್ ಒಟ್ಟುಸೇರುವ ಮೇನ್ ಬ್ರಾಂಚ್‌ಗೆ ಸೇರಿಸುವಂತಿಲ್ಲ ಅಂದೆವು. ಒಪ್ಪಿಕೊಳ್ಳೋದು ಸುಲಭವಿರಲಿಲ್ಲ.

ಮೊದಮೊದಲು ಹೀಗೆ ಓದಿ ಬರೆಯುವ ರಿವ್ಯೂಗಳಲ್ಲಿ ಸುಮ್ನೆ "ಚೆನ್ನಾಗಿದೆ" ಅಂತಷ್ಟೇ ಇರುತ್ತಿತ್ತು. ಒಂದು ದಿನ, ಕ್ಲಾಸಿನಲ್ಲಿ ಜಾಸ್ತಿ ಮಾತಾಡದ ಹುಡುಗಿಯೊಬ್ಬಳು ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕೆಳಗೆ ಕೇಳಿದಳು: "ಲಿಸ್ಟ್ ಖಾಲಿ ಇದ್ದರೆ ಈ ಸರಾಸರಿ ಏನಾಗುತ್ತೆ?" ಸೊನ್ನೆಯಿಂದ ಭಾಗಿಸುವ ತಪ್ಪು ಅಲ್ಲೇ ಸಿಕ್ಕಿತು. ಕೋಡ್ ಬರೆದ ಹುಡುಗ ಅದನ್ನು ತಿದ್ದಿದ, ಖಾಲಿ ಲಿಸ್ಟಿಗೆ ಅಂತಲೇ ಒಂದು ಟೆಸ್ಟ್ (ಕೋಡ್ ಸರಿಯಿದೆಯಾ ಅಂತ ಪರೀಕ್ಷಿಸುವ ತುಣುಕು) ಸೇರಿಸಿದ. "ನನಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್" ಅಂತ ಉತ್ತರ ಬರೆದ. ಉಳಿದ ಟೀಮ್‌ಗಳೂ ಅದನ್ನು ಓದಿದವು. ಆಮೇಲೆ ರಿವ್ಯೂಗಳಲ್ಲಿ ನಿಜವಾದ ಪ್ರಶ್ನೆಗಳು ಬರತೊಡಗಿದವು. ನಿಮ್ಮಿಬ್ಬರಿಗೂ ನಾನು ಋಣಿ.

ಲ್ಯಾಬ್ ಸಹಾಯಕರೇ, ಇಬ್ಬರ ಬದಲಾವಣೆಗಳು ಒಂದಕ್ಕೊಂದು ಹೊಂದದೆ ಮರ್ಜ್ ಕಾನ್‌ಫ್ಲಿಕ್ಟ್ ಬಂದಾಗ ಫೈಲಿನೊಳಗಿನ ಹೊಂದದ ಜಾಗ ತೋರಿಸುವ ಆ ಬಾಣದ ಗುರುತುಗಳನ್ನು ಕಂಡು ಕೆಲವರು ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುತ್ತಿದ್ದರು, ಅಂದರೆ ಹೊಸ ಪ್ರತಿ ಇಳಿಸಿಕೊಳ್ಳುತ್ತಿದ್ದರು. ನೀವೇ ಕೀಬೋರ್ಡ್ ಎಳೆದುಕೊಂಡು ಸರಿಮಾಡಬಹುದಿತ್ತು. ಮಾಡಲಿಲ್ಲ. ಒಂದೇ ಸಾಲನ್ನು ಬದಲಿಸಿದ ಇಬ್ಬರನ್ನೂ ಒಂದೇ ಸ್ಕ್ರೀನ್ ಮುಂದೆ ಕೂರಿಸಿ, "ಯಾವುದು ಉಳಿಯಬೇಕು, ಮಾತಾಡಿಕೊಂಡು ಹೇಳಿ" ಅಂದಿರಿ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಉಪಕರಣ ಅದನ್ನು ಹೇಳಲಾರದು, ಅಲ್ವಾ? ಆ ಇಬ್ಬರೇ ಹೇಳಬೇಕು.

ಕೊನೆಯ ಸಾಫ್ಟ್‌ವೇರಿಗೆ ಮಾತ್ರವಲ್ಲ, ಕೆಲಸ ನಡೆದ ರೀತಿಗೂ ಅಂಕ ಕೊಡೋಣ ಅಂದಾಗ ಒಪ್ಪಿದ ಸಹೋದ್ಯೋಗಿಗಳಿಗೆ ಥ್ಯಾಂಕ್ಸ್. ಕಮಿಟ್ (ಗಿಟ್ಟಿನಲ್ಲಿ ದಾಖಲಿಸಿದ ಒಂದೊಂದು ಬದಲಾವಣೆ) ಎಣಿಸಿ ಅಂಕ ಹಾಕಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಹಾಗೆ ಎಣಿಸಿದರೆ ಸಾಲಿಗೊಂದು ಕಮಿಟ್ ಬೀಳುತ್ತೆ. ನೀವು ಕೂತು ರಿವ್ಯೂಗಳನ್ನೂ ಕಮಿಟ್ ಜೊತೆ ಬರೆದ ಮೆಸೇಜುಗಳನ್ನೂ ಓದಿದಿರಿ.

ಗಿಟ್ ಕಟ್ಟಿದವರನ್ನೂ ನೆನೆಯಬೇಕು. 2005ರಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸಕ್ಕಾಗಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಶುರು ಮಾಡಿದರು. ಅದೇ ವರ್ಷ ಜುನಿಯೊ ಹಮಾನೊ ಅದರ ಹೊಣೆ ಹೊತ್ತರು. ಅಂಥ ದೊಡ್ಡ ಕೆಲಸಕ್ಕೆ ಹುಟ್ಟಿದ ಉಪಕರಣ ನಮ್ಮ ವಿದ್ಯಾರ್ಥಿಗಳ ಕೈಗೂ ಉಚಿತವಾಗಿ ಸಿಕ್ಕಿದೆ.

ಮುಂದಿನ ಬ್ಯಾಚ್‌ಗೆ ಸಹಾಯಕರಾಗಿ ಬರುತ್ತೇವೆ ಅಂದ ವಿದ್ಯಾರ್ಥಿಗಳೇ, ನಿಮಗೆ ಇನ್ನೊಂದು ಥ್ಯಾಂಕ್ಸ್. ಹೊಸಬರು ಮೊದಲ ವಾರ ನಿಮ್ಮ ಪ್ರಾಜೆಕ್ಟಿನ ಕೋಡ್ ಇರುವ ರೆಪೊಸಿಟರಿಯನ್ನೇ ಓದಲಿದ್ದಾರೆ. ರೀಡ್‌ಮಿ (ಪ್ರಾಜೆಕ್ಟಿನ ಪರಿಚಯ ಬರೆದ ಫೈಲ್) ಒಮ್ಮೆ ನೋಡಿ, ಬಿಟ್ಟುಹೋದದ್ದಿದ್ದರೆ ಸೇರಿಸಿಡಿ.