ನರಿಯ ಮೇಲೆ ಗೂಬೆ

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆಯ ಕರಡನ್ನು ಎರಡು ಸಲ ಓದಿದೆ. ಮಾಂಗಾ ಎಂಬ ಜಪಾನಿ ಚಿತ್ರಕಥೆಗಳನ್ನು ಓದಿ ಬೆಳೆದವಳು, ಅಲ್ಲಿನ ಯೊಕ್ಕೈಚಿ ಎಂಬ ಊರಿನ ಜನರಿಗೆ ಉಬ್ಬಸ ತಂದ ಕಾರ್ಖಾನೆ ಹೊಗೆಯ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟದ್ದೇ ನನಗೆ ಖುಷಿ. ಆದರೆ ಏಳನೇ ಪುಟದಲ್ಲಿ ಕಾರ್ಖಾನೆಯ ಮಾಲೀಕ ನರಿಯಾಗಿ ಕಾಣಿಸಿಕೊಂಡ ಕೂಡಲೇ ಕರಡನ್ನು ಮಗುಚಿಟ್ಟು ಕಾಫಿ ಮಾಡಿಕೊಳ್ಳಲು ಎದ್ದೆ. ಮುಂದಿನದು ಗೊತ್ತಾಗಿಹೋಗಿತ್ತು.

ಆ ನರಿ ಜಪಾನಿನದಲ್ಲ, ನಮ್ಮ ಪಂಚತಂತ್ರದ ಕರಟಕ ದಮನಕರ ವಂಶದ್ದು. ಜಪಾನಿನಲ್ಲಿ ನರಿ ಭತ್ತದ ದೇವರು ಇನಾರಿಯ ದೂತ. ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡ ಕಲ್ಲುನರಿಗಳು ಗುಡಿಯ ಮುಂದೆ ಜೋಡಿಯಾಗಿ ಕೂತಿರುತ್ತವೆ. ವೇಷ ಬದಲಿಸಿ ಏಮಾರಿಸುವ ನರಿಗಳೂ ಅಲ್ಲಿನ ಕಥೆಗಳಲ್ಲಿವೆ, ನಿಜ. ನಮ್ಮಲ್ಲಿ ಮಾತ್ರ ಏನು, ಅದೃಷ್ಟ ಖುಲಾಯಿಸಿದವನನ್ನು ‘ಬೆಳಿಗ್ಗೆ ನರಿ ಮುಖ ನೋಡಿ ಎದ್ದೆಯಾ’ ಎಂದು ಕೇಳುವುದಿಲ್ಲವೇ? ಅಜ್ಜಿ ಸಾಯುವ ಮುನ್ನ ನೀನು ಕೂಗಿಸಿದ ಗೂಬೆಯ ಪಾಡೂ ಇದೇ. ಜಪಾನಿಯಲ್ಲಿ ಗೂಬೆಗೆ ‘ಫುಕುರೊ’ ಎನ್ನುತ್ತಾರೆ. ಅದನ್ನು ‘ಕಷ್ಟವಿಲ್ಲ’ ಎಂಬ ಅರ್ಥ ಬರುವಂತೆಯೂ ಬರೆಯಬಹುದಾದ್ದರಿಂದ, ಶುಭವಾಗಲೆಂದು ಮನೆಯಲ್ಲಿ ಗೂಬೆಯ ಗೊಂಬೆ ಇಟ್ಟುಕೊಳ್ಳುತ್ತಾರೆ. (ನನ್ನ ಮೊದಲ ಕಥೆಯಲ್ಲೂ ಸಾವಿಗೆ ಮುಂಚೆ ಗೂಬೆ ಕೂಗಿತ್ತು. ಆಗ ಯಾರೂ ನನ್ನ ಕಿವಿ ಹಿಂಡಲಿಲ್ಲ.)

ನನ್ನ ದೊಡ್ಡ ತಕರಾರು ಬೇರೆ. ಒಬ್ಬನೇ ಖಳನಿದ್ದರೆ ಯೊಕ್ಕೈಚಿಯ ಕಥೆಯೇ ಸುಳ್ಳಾಗುತ್ತದೆ. ಗಂಧಕ ಹೆಚ್ಚಿದ್ದ ಎಣ್ಣೆಯ ಹೊಗೆ ಹಲವು ಚಿಮಣಿಗಳಿಂದ ಎದ್ದು, ಮೇಲೆ ಒಂದಾಗಿ, ಕೆಳಗಿನ ಮನೆಗಳಿಗೆ ಇಳಿಯುತ್ತಿತ್ತು. ಯಾರ ಎದೆಗೆ ಹೊಕ್ಕದ್ದು ಯಾರ ಹೊಗೆ? 1967ರಲ್ಲಿ ಒಂಬತ್ತು ರೋಗಿಗಳು ಆರು ಕಂಪನಿಗಳ ಮೇಲೆ ದಾವೆ ಹೂಡಿದಾಗ ಎದುರಾದ ತೊಡಕು ಅದೇ. 1972ರ ಜುಲೈಯಲ್ಲಿ ನ್ಯಾಯಾಲಯ ಆರೂ ಕಂಪನಿಗಳನ್ನು ಒಟ್ಟಾಗಿ ಹೊಣೆ ಮಾಡಿತು. ನೀನು ಆ ಆರನ್ನೂ ಬಿಟ್ಟು ಪಾಪದ ನರಿಯ ಮೇಲೆ ಗೂಬೆ ಕೂರಿಸಿದ್ದೀಯ.

ಕಾರ್ಖಾನೆಗಳ ಪಕ್ಕದ ಶಿಯೊಹಾಮಾ ಪ್ರಾಥಮಿಕ ಶಾಲೆಯ ಹಾಡು ಬಂದರಿನ ಆ ಕಾರ್ಖಾನೆಗಳನ್ನೇ ಹಾಡಿ ಹೊಗಳುತ್ತಿತ್ತು. ಅದನ್ನು ಹಾಡಿದ ಮಕ್ಕಳೇ ದಿನಕ್ಕೆ ಹಲವು ಸಲ ಸಾಲಾಗಿ ನಿಂತು ಗಂಟಲು ಮುಕ್ಕಳಿಸಬೇಕಾಗಿತ್ತು. ತೀರ್ಪು ಬಂದ ವರ್ಷ ಹಾಡಿನ ಸಾಲುಗಳು ಬದಲಾದವು. ಇಂಥದ್ದು ಕೈಯಲ್ಲಿರುವಾಗ ನರಿ ಯಾಕೆ ಬೇಕಿತ್ತು? ಒಂದು ಇಡೀ ಪುಟದಲ್ಲಿ ನಲ್ಲಿಗಳ ಸಾಲು, ಕತ್ತು ಹಿಂದಕ್ಕೆ ಚೆಲ್ಲಿದ ಮಕ್ಕಳು. ಮೇಲಿನ ಚೌಕದಲ್ಲಿ ಹಾಡು, ಕೆಳಗಿನದರಲ್ಲಿ ಬರಿಯ ಗುಳುಗುಳು.

ಪ್ರಾಣಿಗಳೇ ಬೇಡ ಎನ್ನುತ್ತಿಲ್ಲ. ಹಯಾವೊ ಮಿಯಾಜಾಕಿ 1982ರಿಂದ 1994ರವರೆಗೆ ಬರೆದ ಮಾಂಗಾ ‘ನೌಸಿಕಾ’ವನ್ನು ಮತ್ತೆ ತೆರೆದು ನೋಡು. ಓಮು ಎಂಬ ದೈತ್ಯ ಹುಳು ಯಾವುದರ ಸಂಕೇತ ಎಂದು ಅಲ್ಲಿ ಯಾರೂ ನಮಗೆ ಹೇಳುವುದಿಲ್ಲ. ಮೊದಲು ಕಾಣುವುದು ಅದು ಕಳಚಿಟ್ಟ ಚಿಪ್ಪು. ಮುಖವಾಡ ತೊಟ್ಟ ಹುಡುಗಿ ಅದರ ಕಣ್ಣಿನ ಮಸೂರವನ್ನು ಬಿಡಿಸಿಕೊಳ್ಳುತ್ತಾಳೆ. ಸುತ್ತಲಿನ ಕಾಡಿನಲ್ಲಿ ವಿಷದ ಬೀಜಕಗಳು ಹಿಮದಂತೆ ಉದುರುತ್ತಿರುತ್ತವೆ. ಆ ಹುಳು ಕೆರಳಿದರೆ ಕಣ್ಣು ಕೆಂಪಾಗುತ್ತದೆ, ತಣಿದರೆ ನೀಲಿ. ವಿಷವನ್ನು ಹೀರಿ ನೆಲ ಶುದ್ಧ ಮಾಡುತ್ತಿರುವುದು ಆ ಕಾಡೇ ಎಂಬುದು ನಮಗೆ ತಿಳಿಯುವುದು ಎಷ್ಟೋ ಪುಟಗಳಾದ ಮೇಲೆ. ಅಷ್ಟರಲ್ಲಿ ಹುಳುವಿನ ಮೇಲೆ ನಮಗೆ ಅಕ್ಕರೆ ಹುಟ್ಟಿರುತ್ತದೆ.

ಶಬ್ದಗಳ ಬಗ್ಗೆಯೂ ಒಂದು ಮಾತು. ಉಬ್ಬಸಕ್ಕೆ ಮಾಂಗಾದವರು ‘ಜೇ ಜೇ’ ಎಂದು ಬರೆಯುತ್ತಾರೆಂದು ನೀನೂ ಹಾಗೆಯೇ ಬರೆದಿದ್ದೀಯ. ಕನ್ನಡದ ಓದುಗರು ಅದನ್ನು ಜೈಕಾರ ಎಂದುಕೊಳ್ಳುತ್ತಾರೆ! ಕಫ ಕಟ್ಟಿದ ಎದೆ ನಮ್ಮಲ್ಲಿ ಗೊರಗೊರ ಎನ್ನುತ್ತದೆ. ಮೌನಕ್ಕೆ ಅವರು ‘ಶೀನ್’ ಎಂದು ಬರೆಯುತ್ತಾರೆ. ನಮಗೆ ಆ ಪದವಿಲ್ಲ, ಚೌಕವನ್ನು ಖಾಲಿ ಬಿಡು.

ಹನ್ನೊಂದನೇ ಪುಟದ ಬೆಕ್ಕನ್ನು ಮಾತ್ರ ಮುಟ್ಟಬೇಡ. ಮಸಿ ಕೂತ ಜಗಲಿಯ ಮೇಲೆ ಹೆಜ್ಜೆ ಮೂಡಿಸುತ್ತಾ ಹೋಗಿ, ಕೊನೆಗೆ ಒಂದು ಕಡೆ ಕೂತು ಪಾದ ನೆಕ್ಕಿಕೊಳ್ಳುತ್ತದಲ್ಲ, ಆ ಚೌಕವನ್ನು ಇನ್ನೂ ಸ್ವಲ್ಪ ದೊಡ್ಡದು ಮಾಡಿ ಕಳಿಸು.

ಇಂತು,
ನಿನ್ನ ಅಣ್ಣ