ತಾರಸಿ ವಾಟರ್‌ಪ್ರೂಫಿಂಗ್: ಟಾರ್ಚ್ ಆರಿಸಿದ ಮೇಲೂ ಒಬ್ರು ಕಾಯ್ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ರ ಬಂತು ಅಂದ್ರೆ ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ಎಲ್ಲಿ ನೋಡಿದ್ರೂ ತಾರಸಿ ಮೇಲೆ ವಾಟರ್‌ಪ್ರೂಫಿಂಗ್ ಕೆಲಸ. ಎಪಿಪಿ ಮೆಂಬ್ರೇನ್ ಅಂತಾರಲ್ಲ, 1 ಮೀಟರ್ ಅಗಲ 10 ಮೀಟರ್ ಉದ್ದದ ಕಪ್ಪು ಟಾರ್ ಶೀಟಿನ ರೋಲು, ಅದರ ಅಡಿಭಾಗನ ಗ್ಯಾಸ್ ಟಾರ್ಚ್‌ನಲ್ಲಿ ಕರಗಿಸ್ತಾ ಉರುಳಿಸ್ಕೊಂಡು ಅಂಟಿಸ್ತಾ ಹೋಗ್ತಾರೆ. ನಾನೂ ಇದೇ ಕೆಲಸದಲ್ಲಿ ಸೈಟ್ ಸೂಪರ್‌ವೈಸರ್, ಹಾಗಾಗಿ ಈ ಶೀಟ್ ಬೇಡ ಅಂತ ಹೇಳೋಕೆ ಬರೀತಿಲ್ಲ, ಸರಿಯಾಗಿ ಹಾಕಿದ್ರೆ ವರ್ಷಗಟ್ಟಲೆ ಸೋರಲ್ಲ. ನಂಗೆ ಭಯ ಇರೋದು ಸಾವಿರ ಡಿಗ್ರಿ ದಾಟೋ ಆ ಬೆಂಕಿನ ನಾವು ಹಿಡಿಯೋ ರೀತಿ ಬಗ್ಗೆ, ಅದಕ್ಕಿಂತ ಜಾಸ್ತಿ ಅದನ್ನ ಆರಿಸಿದ ಮೇಲೆ ನಾವು ಏನ್ ಮಾಡ್ತೀವಿ ಅನ್ನೋದ್ರ ಬಗ್ಗೆ.

ಮೊದ್ಲು ಸಿಲಿಂಡರ್ ವಿಷಯ. ಹೊರದೇಶದಲ್ಲಿ ಈ ಕೆಲಸಕ್ಕೆ ಪ್ರೊಪೇನ್ ಬಳಸ್ತಾರೆ, ನಮ್ಮಲ್ಲಿ ಪ್ರೊಪೇನ್ ಬ್ಯುಟೇನ್ ಎರಡೂ ಬೆರೆತ ಎಲ್‌ಪಿಜಿ. ಎರಡೂ ಗಾಳಿಗಿಂತ ಭಾರ, ಲೀಕ್ ಆದ್ರೆ ಮೇಲೆ ಹೋಗಲ್ಲ, ನೀರು ಹರಿದ ಹಾಗೆ ತಗ್ಗಿಗೆ ಇಳಿಯುತ್ತೆ. ತಾರಸಿ ಬಯಲಲ್ವಾ, ಗ್ಯಾಸ್ ಹಾರ್ಹೋಗುತ್ತೆ ಅಂತ ಎಲ್ರೂ ಅಂದ್ಕೋತಾರೆ, ಆದ್ರೆ ಸುತ್ತ ಪ್ಯಾರಪೆಟ್ ಗೋಡೆ ಇದ್ದು ಗಾಳಿ ಇಲ್ಲದಿದ್ರೆ ಅದು ಮೂಲೇಲಿ ನಿಲ್ಲುತ್ತೆ, ಮೆಟ್ಟಿಲಲ್ಲಿ ಇಳಿದು ಮನೆ ಒಳಗೂ ಬರುತ್ತೆ. ಗಾಳೀಲಿ ನೂರಕ್ಕೆ ಎರಡು ಪಾಲು ಬೆರೆತ್ರೆ ಸಾಕು, ಒಂದು ಕಿಡಿಗೆ ಹೊತ್ಕೊಳುತ್ತೆ. ಇಷ್ಟೆಲ್ಲ ಇದ್ದೂ ಎಷ್ಟೋ ಸೈಟಲ್ಲಿ ಮನೆಗೆ ಬಂದ 14.2 ಕೆಜಿ ಕೆಂಪು ಸಿಲಿಂಡರೇ ಮೇಲೆ ಹತ್ತಿರುತ್ತೆ, ಅದು ಕಾನೂನಿಗೂ ವಿರುದ್ಧ, ಕೆಲಸಕ್ಕೆ ಕಮರ್ಷಿಯಲ್ ಸಿಲಿಂಡರೇ ತರ್ಬೇಕು. ಪೈಪಿಗೆ ಕ್ಲ್ಯಾಂಪ್ ಬದ್ಲು ಬೈಂಡಿಂಗ್ ವೈರ್ ಸುತ್ತಿರ್ತಾರೆ. ಸೋಪ್ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡೋಕೆ ಎರಡು ನಿಮಿಷ ಸಾಕು, ಅದನ್ನೂ ಮಾಡಲ್ಲ.

ಇನ್ನೊಂದು ಕೆಟ್ಟ ಅಭ್ಯಾಸ ಇದೆ. ಗ್ಯಾಸ್ ಜೋರಾಗಿ ಎಳೆದಾಗ ಸಿಲಿಂಡರ್ ತಣ್ಣಗಾಗಿ ಹೊರಗೆ ಮಂಜು ಕಟ್ಟುತ್ತೆ, ಪ್ರೆಶರ್ ಇಳಿಯುತ್ತೆ, ಆಗ ಹುಡುಗ್ರು ಅದೇ ಟಾರ್ಚ್ ತಿರುಗಿಸಿ ಸಿಲಿಂಡರ್‌ಗೇ ಬೆಂಕಿ ತೋರಿಸ್ತಾರೆ, ಇಲ್ಲಾ ಮಲಗಿಸಿ ಉರುಳಿಸ್ತಾರೆ. ಮಲಗಿಸಿದ್ರೆ ಗ್ಯಾಸ್ ಬದ್ಲು ದ್ರವನೇ ಪೈಪಿಗೆ ನುಗ್ಗಿ ಬೆಂಕಿ ಕೈಮೀರುತ್ತೆ. ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ, ಸ್ವಲ್ಪ ಹೊತ್ತು ನಿಲ್ಸಿ, ಇಲ್ಲಾ ಬೇರೆ ಸಿಲಿಂಡರ್ ಹಾಕಿ. ಶೀಟ್ ಅಂಟೋಕೆ ಅಂತ ಮೊದ್ಲು ಬಳಿಯೋ ಪ್ರೈಮರ್ ಹಸಿ ಇರುವಾಗ್ಲೇ ಟಾರ್ಚ್ ಹಚ್ಚೋದೂ ಇಷ್ಟೇ ಅಪಾಯ, ಸಾಲ್ವೆಂಟ್ ಪ್ರೈಮರ್‌ನಿಂದ ಏಳೋ ಆವಿನೇ ಉರಿಯುತ್ತೆ, ಕೈಗೆ ಅಂಟದ ಹಾಗೆ ಒಣಗ್ಬೇಕು, ಡಬ್ಬ ಮುಚ್ಚಳ ಹಾಕಿ ದೂರ ಇಡ್ಬೇಕು.

ಈಗ ನಾನು ಮುಖ್ಯವಾಗಿ ಹೇಳ್ಬೇಕಂತಿರೋದು. ನಮ್ಮ ಮಲೆನಾಡಲ್ಲಿ ಬರೀ ಆರ್‌ಸಿಸಿ ಮನೆ ಕಡಿಮೆ, ಮುಂದೆ ತಾರಸಿ ಹಿಂದೆ ಹಂಚಿನ ಮಾಡು, ಎರಡೂ ಕೂಡೋ ಜಾಗದಲ್ಲೇ ಸೋರೋದು. ಅಲ್ಲೇ ಟಾರ್ಚ್ ಹಿಡೀಬೇಕಾಗುತ್ತೆ. ಆ ಸಂದೀಲಿ ಹಂಚು ಹೊರೋ ಒಣಗಿದ ಮರದ ಪಕಾಸು, ರೀಪು, ಹಕ್ಕಿ ಗೂಡು, ವರ್ಷಗಟ್ಟಲೆ ಸೇರಿರೋ ತರಗು. ಬೆಂಕಿ ಒಳಗೆ ಹೋಗಿದ್ದು ಮೇಲಿಂದ ಕಾಣಲ್ಲ, ಜ್ವಾಲೆ ಇರಲ್ಲ, ಬರೀ ಕೆಂಡದ ಹಾಗೆ ಒಳಗೊಳಗೇ ಸುಡ್ತಾ ಇರುತ್ತೆ, ಗಂಟೆಗಟ್ಟಲೆ. ಕೆಲಸದವ್ರು ಆರು ಗಂಟೆಗೆ ಸಾಮಾನು ಕಟ್ಕೊಂಡು ಹೋಗಿರ್ತಾರೆ, ಮನೆಯವ್ರು ಊಟ ಮಾಡಿ ಮಲಗಿರ್ತಾರೆ. ಅಮೆರಿಕದಲ್ಲಿ ರೂಫಿಂಗ್ ಟಾರ್ಚ್ ಹಿಡಿಯೋರಿಗೆ ಸರ್ಟಾ ಅಂತ ಒಂದು ತರಬೇತಿ ಇದೆ, ಅದರಲ್ಲಿ ಕೊನೇ ಟಾರ್ಚ್ ಆರಿಸಿದ ಮೇಲೆ ಎರಡು ಗಂಟೆ ಬೆಂಕಿ ಕಾವಲು ಇರ್ಬೇಕು ಅಂತ ಹೇಳ್ಕೊಡ್ತಾರೆ. ಸುಮ್ನೆ ಕೂತ್ಕೊಳೋದಲ್ಲ, ಮಾಡಿನ ಕೆಳಗೆ ಹೋಗಿ ಅಟ್ಟ ನೋಡೋದು, ಹೊಗೆ ವಾಸನೆ ಇದ್ಯಾ ನೋಡೋದು, ಮರದ ಹತ್ರ ಕೈ ತಂದು ಬಿಸಿ ನೋಡೋದು. ಪಕ್ಕದಲ್ಲಿ ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್ ಇರ್ಬೇಕು, ನೀರಿನ ಪೈಪೂ ಇರ್ಬೇಕು.

ನಮ್ಮಲ್ಲಿ ಇದು ಯಾಕೆ ಆಗಲ್ಲ ಅಂದ್ರೆ ಚದರಡಿ ಲೆಕ್ಕ. ಅಡಿಗೆ ಇಷ್ಟು ಅಂತ ಚೌಕಾಸಿ ಮಾಡಿ ಎರಡು ರೂಪಾಯಿ ಇಳಿಸ್ಕೊಂಡ್ರೆ ಕಂಟ್ರಾಕ್ಟರ್ ಆ ಎರಡು ಗಂಟೆನ ಯಾವ ದುಡ್ಡಲ್ಲಿ ಕೊಡ್ತಾನೆ? ಸಂಜೆ ಕಾಯೋ ಹುಡುಗನಿಗೆ ಕೂಲಿ ಇಲ್ಲ, ಬಸ್ಸೂ ತಪ್ಪುತ್ತೆ, ಅವನು ಯಾಕೆ ಕಾಯ್ತಾನೆ ಹೇಳಿ. ಅದಕ್ಕೆ ಮನೆ ಮಾಲೀಕರಿಗೆ ನಾನು ಕೇಳೋದು, ಕೊಟೇಶನ್‌ನಲ್ಲೇ ಕಾವಲಿನ ಕೂಲಿ ಅಂತ ಬೇರೆ ಸಾಲು ಬರೆಸಿ, ಅದನ್ನ ನೀವೇ ಕೊಡಿ, ಟಾರ್ಚ್ ಕೆಲಸ ಮಧ್ಯಾಹ್ನ ಮೂರಕ್ಕೇ ನಿಲ್ಸೋಕೆ ಹೇಳಿ, ಉಳಿದ ಹೊತ್ತಲ್ಲಿ ಬೇರೆ ಕೆಲಸ ಮಾಡ್ಲಿ. ಮರಕ್ಕೆ ತಾಗೋ ಜಾಗದಲ್ಲಿ ಟಾರ್ಚೇ ಬೇಡ, ಬೆಂಕಿ ಇಲ್ದೆ ಅಂಟೋ ಸೆಲ್ಫ್ ಅಡ್ಹೆಸಿವ್ ಶೀಟ್ ಸಿಗುತ್ತೆ, ಬ್ರಷಲ್ಲಿ ಹಚ್ಚೋ ಕೋಟಿಂಗೂ ಇದೆ, ಸ್ವಲ್ಪ ದುಬಾರಿ ಆದ್ರೂ ಆ ನಾಲ್ಕಡಿಗೆ ಅದನ್ನೇ ಹಾಕ್ಸಿ. ಮೇಲೆ ಒಣಹಾಕಿರೋ ಹಪ್ಪಳ ಸಂಡಿಗೆ ನೋಡೋಕೆ ಅಂತ ಹೆಂಗಸ್ರು ಮಕ್ಕಳು ಆವತ್ತು ಹತ್ತೋದು ಬೇಡ.

ಕೆಲಸದ ಹುಡುಗ್ರ ಬಗ್ಗೆನೂ ಒಂದ್ಮಾತು. ಹವಾಯಿ ಚಪ್ಪಲಿ, ಪಾಲಿಸ್ಟರ್ ಟೀಶರ್ಟ್ ಹಾಕ್ಕೊಂಡು ಟಾರ್ಚ್ ಹಿಡೀತಾರೆ, ಆ ಬಟ್ಟೆ ಕರಗಿ ಮೈಗೇ ಅಂಟುತ್ತೆ. ಬಿಸಿ ಟಾರ್ ಕೈಗೆ ಬಿದ್ರೆ ಕಿತ್ತು ತೆಗೀಬೇಡಿ, ಚರ್ಮನೂ ಬರುತ್ತೆ, ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟು ಹಾಗೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇವರಲ್ಲಿ ಸುಮಾರು ಜನ ಬಿಹಾರ, ಒಡಿಶಾ ಕಡೆಯವ್ರು, ಕನ್ನಡ ಬೋರ್ಡ್ ಓದೋಕೆ ಬರಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯವ್ರು ಸೆಸ್ ದುಡ್ಡಲ್ಲಿ ಇವರಿಗೆ ಅವರ ಭಾಷೇಲೇ ಒಂದು ದಿನದ ಟಾರ್ಚ್ ತರಬೇತಿ ಕೊಡ್ಬೇಕು, ಪಾಸಾದವ್ರಿಗೆ ಕಾರ್ಡ್ ಕೊಡ್ಬೇಕು.

ಗ್ಯಾಸ್ ಲೀಕಿಗೆ 1906, ಬೆಂಕಿಗೆ 101 ಇಲ್ಲಾ 112. ನಿಮ್ಮ ಪತ್ರಿಕೆಯವ್ರು ಮೇ ಮುಗಿಯೋದ್ರೊಳಗೆ ಈ ಬಗ್ಗೆ ಒಂದು ವರದಿ ಮಾಡಿ, ಅಗ್ನಿಶಾಮಕ ಠಾಣೆಯವ್ರ ಮಾತನ್ನೂ ಸೇರಿಸಿ ಹಾಕಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗ, ಸೈಟ್ ಸೂಪರ್‌ವೈಸರ್
ಶಿವಮೊಗ್ಗ