ಭತ್ತದ ಹೊಟ್ಟಿನ ಬೂದಿಯಿಂದ ಕುಡಿಯುವ ನೀರು ಶುದ್ಧೀಕರಿಸುವ ಪ್ರಾಯೋಗಿಕ ಘಟಕಕ್ಕಾಗಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಪೌರಾಯುಕ್ತರು,
ನಗರಸಭೆ, ರಾಯಚೂರು ಜಿಲ್ಲೆ

ವಿಷಯ: ಹಳ್ಳದ ದಂಡೆಗೆ ಬೂದಿ ಸುರಿಯುವುದನ್ನು ತಡೆಯುವ ಮತ್ತು ಅದೇ ಬೂದಿಯಿಂದ ಫ್ಲೋರೈಡ್ ನಿವಾರಣೆಯ ಪ್ರಯೋಗ ಕೈಗೊಳ್ಳುವ ಬಗ್ಗೆ

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿರುವ ನಮ್ಮ ಊರಿಗೆ ಭತ್ತವೇ ಬದುಕು. ಅಕ್ಕಿ ಗಿರಣಿಗಳ ಹಿಂದಿನ ಬಡಾವಣೆಯವರಾದ ನಮಗೆ ಅದರ ಬೂದಿ ಕಂಟಕವಾಗಿದೆ. ಬಾಯ್ಲರ್‌ಗಳಲ್ಲಿ ಹೊಟ್ಟು ಉರಿಸಿ ಉಳಿದ ಕಪ್ಪು ಬೂದಿಯನ್ನು ಟ್ರ್ಯಾಕ್ಟರ್‌ಗಳಲ್ಲಿ ತಂದು ಹಳ್ಳದ ದಂಡೆಗೆ ಸುರಿಯುತ್ತಾರೆ. ಗಾಳಿ ಬೀಸಿದರೆ ಅದು ಮನೆಯೊಳಗೆ, ಮಳೆ ಬಂದರೆ ಹಳ್ಳದೊಳಗೆ.

ಕಾಲುವೆಗೆ ನೀರು ನಿಂತ ಮೇಲೆ ನಮಗೆ ಕೊಳವೆಬಾವಿಯೇ ಗತಿ. ಜಿಲ್ಲೆಯ ಅಂತರ್ಜಲದಲ್ಲಿ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಇರುವುದು, ಕೆಲವೆಡೆ ವಿಷಕಾರಿ ಆರ್ಸೆನಿಕ್ ಕೂಡ ಕಂಡುಬಂದಿರುವುದು ತಮಗೆ ತಿಳಿದೇ ಇದೆ. ಇವು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ, ನೀರು ಕಾಯಿಸಿದರೂ ಹೋಗುವುದಿಲ್ಲ. ಶುದ್ಧ ನೀರಿನ ಘಟಕ ಕೆಟ್ಟಾಗ ಜನ ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ. ಘಟಕ ನಡೆಯುವಾಗಲೂ ಅದು ಹೊರಹಾಕುವ, ಫ್ಲೋರೈಡ್ ಇನ್ನಷ್ಟು ಸಾಂದ್ರವಾದ ನೀರು ಚರಂಡಿ ಸೇರುತ್ತದೆ.

ಈ ಎರಡು ತೊಂದರೆಗಳನ್ನು ಒಟ್ಟಿಗೆ ನೋಡಬೇಕೆಂಬುದೇ ನಮ್ಮ ಕೋರಿಕೆ. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು, ಅದನ್ನು ಸುಟ್ಟರೆ ಸುಮಾರು 40 ಕಿಲೋ ಬೂದಿ ಬರುತ್ತದೆ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇ 85ಕ್ಕಿಂತ ಹೆಚ್ಚು ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ. ಅದನ್ನು ಕಾಸ್ಟಿಕ್ ಸೋಡಾ ಎಂಬ ಕ್ಷಾರದಲ್ಲಿ ಕರಗಿಸಿ, ಆಮ್ಲ ಸೇರಿಸಿ ಮರಳಿ ಘನರೂಪದಲ್ಲಿ ಬೇರ್ಪಡಿಸಿದರೆ ನ್ಯಾನೊ ಗಾತ್ರದ, ಅಂದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಿಲಿಕಾ ಕಣಗಳು ದೊರೆಯುತ್ತವೆ. ಕಣ ಚಿಕ್ಕದಾದಷ್ಟೂ ಅಷ್ಟೇ ತೂಕದಲ್ಲಿ ಮಲಿನಾಂಶ ಅಂಟಿಕೊಳ್ಳುವ ಮೇಲ್ಮೈ ಹೆಚ್ಚು. ಬರಿಯ ಸಿಲಿಕಾ ಫ್ಲೋರೈಡನ್ನು ಹಿಡಿದಿಡುವುದು ಕಡಿಮೆ. ಅದರ ಮೇಲೆ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಆಕ್ಸೈಡ್ ಲೇಪಿಸಬೇಕು. ಕಬ್ಬಿಣದ ಲೇಪ ಆರ್ಸೆನಿಕ್ ಅನ್ನೂ ಹಿಡಿಯುತ್ತದೆ. ಇದು ಕೇವಲ ಪ್ರಯೋಗಾಲಯದ ಮಾತಲ್ಲ. ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೊ ಕಣ ಸೇರಿಸಿದ ಟಾಟಾ ಸ್ವಚ್ಛ್ ಫಿಲ್ಟರ್ 2009ರಲ್ಲೇ ಮಾರುಕಟ್ಟೆಗೆ ಬಂದಿತ್ತು, ಆದರೆ ಅದರ ಗುರಿ ರೋಗಾಣುಗಳು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನ್ಯಾನೊ ತಂತ್ರಜ್ಞಾನ ಕೇಂದ್ರವೇ ಇರುವಾಗ ನಾವು ದೂರದ ಊರುಗಳತ್ತ ನೋಡಬೇಕಾಗಿಲ್ಲ.

ಆದ್ದರಿಂದ ನಗರಸಭೆಯು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ನಮ್ಮ ಬಡಾವಣೆಯ ಒಂದು ಕೊಳವೆಬಾವಿಗೆ ಒಂದು ವರ್ಷದ ಮಟ್ಟಿಗೆ ಪ್ರಾಯೋಗಿಕ ಘಟಕ ಅಳವಡಿಸಬೇಕು. ಫಲಿತಾಂಶ ಖಚಿತವಾಗುವವರೆಗೆ ಈಗಿನ ಘಟಕವನ್ನು ದುರಸ್ತಿಯಲ್ಲಿಟ್ಟು ನಡೆಸಬೇಕು. ಮಳೆಗಾಲದ ಮುನ್ನ ಮತ್ತು ನಂತರ ನೀರು ಪರೀಕ್ಷಿಸಿ, ಫಲಿತಾಂಶವನ್ನು ಘಟಕದ ಗೋಡೆಯ ಮೇಲೆ ಬರೆಸಬೇಕು. ಭಾರತೀಯ ಮಾನಕದಂತೆ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5 ಎಂಬುದು ಜನರಿಗೂ ತಿಳಿಯಲಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ನ್ಯಾನೊ ಕಣಗಳನ್ನು ನೀರಿಗೆ ಬಿಡಿಯಾಗಿ ಬೆರೆಸಕೂಡದು; ಗುಳಿಗೆಯಾಗಿ ಕಟ್ಟಿ ಕೊಳವೆಯೊಳಗೆ ಬಂಧಿಸಿಡಬೇಕು. ಶುದ್ಧೀಕರಿಸಿದ ನೀರಿಗೆ ಅಲ್ಯೂಮಿನಿಯಂ ಇಳಿಯುತ್ತಿದೆಯೇ ಎಂದೂ ನೋಡಬೇಕು. ತಯಾರಿಕೆಯಲ್ಲಿ ಉಳಿಯುವ ಕ್ಷಾರದ ನೀರನ್ನಾಗಲಿ, ಬಳಸಿ ಮುಗಿದ ಗುಳಿಗೆಗಳನ್ನಾಗಲಿ ಅದೇ ಹಳ್ಳಕ್ಕೆ ಹಾಕಿದರೆ ನಮ್ಮ ಮನವಿಗೆ ಅರ್ಥವೇ ಇರುವುದಿಲ್ಲ. ಅತಿಯಾದ ಶಾಖದಲ್ಲಿ ಸುಟ್ಟ ಬೂದಿಯ ಸಿಲಿಕಾ ಹರಳುಗಟ್ಟುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ, ಕಣ ತಯಾರಿಕೆಗೂ ಅದು ಒಗ್ಗುವುದಿಲ್ಲ. ಹೀಗಾಗಿ ಪ್ರತಿ ಗಿರಣಿಯ ಬೂದಿಯನ್ನೂ ಮೊದಲು ಪರೀಕ್ಷಿಸಬೇಕು.

ಬೂದಿ ಸುರಿಯುವುದನ್ನು ತಡೆಯಲು ಯಾವ ಪ್ರಯೋಗಕ್ಕೂ ಕಾಯಬೇಕಾಗಿಲ್ಲ. ಗಿರಣಿ ಮಾಲೀಕರ ಸಭೆ ಕರೆದು, ಮುಚ್ಚಿದ ಸಂಗ್ರಹ ಸ್ಥಳ ಗೊತ್ತುಪಡಿಸಿ, ಈ ಮುಂಗಾರಿಗೆ ಮುನ್ನವೇ ದಂಡೆಯ ರಾಶಿ ತೆರವುಗೊಳಿಸಬೇಕು. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಕೈಗೊಂಡ ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಗಿರಣಿ ಹಿಂಭಾಗದ ಬಡಾವಣೆಯ ಸಮಸ್ತ ನಿವಾಸಿಗಳು

ಲಗತ್ತು: ನಿವಾಸಿಗಳ ಸಹಿಗಳು, ಹಳ್ಳದ ದಂಡೆಯ ಛಾಯಾಚಿತ್ರಗಳು